ಹದಿನೇಳನೇ ಪೆಟ್ಟಿಗೆಯ ಮರಳಿಲಿ

ಬಟ್ಟೆ ಗಿರಣಿಯ ಹೆಂಗಸರ ಗೇಟಿನಲ್ಲಿ ಇಪ್ಪತ್ತೊಂದು ವರ್ಷ ನಿಂತವಳನ್ನು ಎಲ್ಲರೂ ಕರೆಯುತ್ತಿದ್ದದ್ದು ತಪಾಸಣೆ ಅಕ್ಕ ಎಂದು. ಪಾಳಿ ಮುಗಿಸಿ ಹೊರಗೆ ಹೋಗುವ ಪ್ರತಿಯೊಬ್ಬಳೂ ಅವಳೆದುರು ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ಅಕ್ಕನ ಬೆರಳುಗಳು ಕಂಕುಳಿನಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಇಳಿಯುತ್ತಿದ್ದವು. ತುರುಬಿನೊಳಗೆ ಅಡಗಿಸಿದ ದಾರದ ಉಂಡೆ, ಹೊಟ್ಟೆಗೆ ಸುತ್ತಿಕೊಂಡ ಬಟ್ಟೆ, ದವಡೆಯಲ್ಲಿ ಒತ್ತಿಟ್ಟುಕೊಂಡ ಗುಂಡಿಗಳು, ಯಾವುದೂ ಅವಳ ಕೈ ತಪ್ಪಿಸಿ ಹೋದದ್ದಿಲ್ಲ. ಆ ಕೆಲಸ ಅವಳಿಗೆ ಎರಡು ಪಾಠ ಕಲಿಸಿತ್ತು. ಮುಖ ನೋಡಬಾರದು, ಕಾಲು ನೋಡಬೇಕು. ಮುಖಕ್ಕೆ ಸುಳ್ಳು ಹೇಳಲು ಬರುತ್ತದೆ, ಪಾದಕ್ಕೆ ಬರುವುದಿಲ್ಲ. ಮತ್ತೆ, ಅನುಮಾನ ಇರುವವರನ್ನು ಏನೂ ಕೇಳಬಾರದು, ಕೇಳಿದರೆ ಎಚ್ಚೆತ್ತುಕೊಳ್ಳುತ್ತಾರೆ.

ಒಂದೇ ಒಂದು ಸಲ ಲೆಕ್ಕ ತಪ್ಪಿತ್ತು. ಬಟ್ಟೆ ಮಡಿಸುವ ವಿಭಾಗದ ಹುಡುಗಿಯೊಬ್ಬಳ ಹೊಟ್ಟೆ ದಪ್ಪಗಿದೆ ಎಂದು ಪರದೆಯ ಹಿಂದೆ ಕರೆದೊಯ್ದು ಸೆರಗು ಬಿಚ್ಚಿಸಿದಳು. ಬಟ್ಟೆ ಇರಲಿಲ್ಲ, ಐದು ತಿಂಗಳ ಬಸುರಿತ್ತು. ಹುಡುಗಿ ಸೆರಗು ಸುತ್ತಿಕೊಂಡು ಹೋದಳು. ಅಕ್ಕ ಇದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ.

ಗಿರಣಿ ಮುಚ್ಚಿತು. ಐವತ್ತನಾಲ್ಕರ ಅಕ್ಕ ಹತ್ತು ತಿಂಗಳು ಮನೆಯಲ್ಲಿ ಕೂತಳು. ಕೆಲಸ ಹೋದರೂ ಅನುಮಾನ ಹೋಗಲಿಲ್ಲ. ಗೇಟಿನಲ್ಲಿ ಸಾವಿರ ಜನರ ಮೇಲೆ ಹಂಚಿಹೋಗುತ್ತಿದ್ದದ್ದು ಈಗ ಎರಡು ಕೋಣೆಯ ಮನೆಯೊಳಗೇ ಸುತ್ತತೊಡಗಿತು. ಹಾಲಿನವನು ನೀರು ಬೆರೆಸುತ್ತಾನೆ ಎಂದು ಲೋಟ ಬೆಳಕಿಗೆ ಹಿಡಿದು ನೋಡಿದಳು. ಕೆಳಮನೆಯವಳು ತನ್ನ ಬಟ್ಟೆ ಕ್ಲಿಪ್ಪು ಕದಿಯುತ್ತಾಳೆಂದು ಕ್ಲಿಪ್ಪಿಗೆಲ್ಲ ಗುರುತು ಹಾಕಿದಳು. ಬೀದಿಯ ತುದಿಯಲ್ಲಿ ಫ್ಯಾನ್ ರಿಪೇರಿ ಅಂಗಡಿ ಇಟ್ಟಿದ್ದ ಗಂಡ ಹತ್ತು ನಿಮಿಷ ತಡವಾಗಿ ಬಂದರೆ ಅವನ ಚಪ್ಪಲಿಯ ಅಡಿ ತಿರುಗಿಸಿ ನೋಡಿ, ಯಾವ ರಸ್ತೆಯ ಮಣ್ಣೆಂದು ಯೋಚಿಸುತ್ತಿದ್ದಳು.

"ಮಾರಾಯ್ತಿ, ನಿಂಗೊಂದು ಕೆಲಸ ಸಿಗ್ದೇ ಹೋದ್ರೆ ನಾನು ಅಂಗಡೀಲೇ ಹಾಸಿಗೆ ಹಾಕ್ಕೋತೀನಿ," ಎಂದ ಗಂಡ.

ಕೆಲಸ ಹುಡುಕಿಕೊಟ್ಟವಳು ನಾದಿನಿ. ಊರು ಮುಗಿದು ಮರಳು ಶುರುವಾಗುವಲ್ಲಿ ಒಂದು ಸಂಶೋಧನಾ ಕೇಂದ್ರವಿತ್ತು. ಅಲ್ಲಿನ ಕ್ಯಾಂಟೀನಿನಲ್ಲಿ ಅವಳು ಅಡುಗೆಯವಳು. "ಅತ್ತಿಗೆ, ಇಲಿ ನೋಡ್ಕೊಳ್ಳೋ ಕೆಲಸ. ಆಗುತ್ತಾ?" ಎಂದಳು.

"ಮನುಷ್ಯರನ್ನೇ ನೋಡ್ಕೊಂಡಿದ್ದೀನಿ," ಎಂದಳು ಅಕ್ಕ.

ಉದ್ದನೆಯ, ಒಂದೇ ಕಿಟಕಿಯ ಕೋಣೆ. ಕಿಟಕಿ ಪೂರ್ವಕ್ಕೆ. ಮೂರು ಹಂತದ ಕಬ್ಬಿಣದ ಕಪಾಟಿನಲ್ಲಿ ಗಾಜಿನ ಮುಖದ ಇಪ್ಪತ್ತನಾಲ್ಕು ಪೆಟ್ಟಿಗೆ. ಪ್ರತಿಯೊಂದರಲ್ಲೂ ಎರಡಂಗುಲ ಮರಳು, ಒಂದು ಮಣ್ಣಿನ ಕೊಳವೆ, ಒಂದೇ ಒಂದು ಮರಳಿಲಿ. ಹೆಬ್ಬೆರಳಿನ ಗಾತ್ರದ ಮೈ, ಮೈಗೆ ಒಪ್ಪದಷ್ಟು ದೊಡ್ಡ ಕಣ್ಣು, ಕ್ಯಾರೆಟ್ಟಿನಂತೆ ಬುಡದಲ್ಲಿ ದಪ್ಪಗಾದ ಬಾಲ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅಕ್ಕನ ಪಾಳಿ. ಪೆಟ್ಟಿಗೆ ಶುಚಿ ಮಾಡಬೇಕು, ಇಲಿಯನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ರಿಜಿಸ್ಟರಿನಲ್ಲಿ ಬರೆಯಬೇಕು, ಅಳತೆಯ ಚಮಚದಲ್ಲಿ ಬೀಜ ಹಾಕಬೇಕು. ನೀರಿನ ಬಟ್ಟಲು ಇರಲೇ ಇಲ್ಲ. ಮೊದಲ ಅನುಮಾನ ಅಲ್ಲೇ ಹುಟ್ಟಿತು: ನೀರು ಕೊಡದೆ ಸಾಕುವವರು ಎಂಥವರು?

ಕೋಣೆಗೆ ಬಂದುಹೋಗುತ್ತಿದ್ದವರು ಇನ್ನಿಬ್ಬರೇ. ಒಬ್ಬಳು ಮೇಡಂ. ನಲವತ್ತರ ಒಳಗಿನ ಹೆಂಗಸು, ಒಂಬತ್ತಕ್ಕೆ ಬರುತ್ತಿದ್ದಳು, ಹೇಳುವುದನ್ನು ಚೀಟಿಯಲ್ಲಿ ಬರೆದು ಕಪಾಟಿಗೆ ಅಂಟಿಸಿ ಹೊರಟುಹೋಗುತ್ತಿದ್ದಳು. ಇನ್ನೊಬ್ಬ ಉಗ್ರಾಣದಿಂದ ಬೀಜದ ಡಬ್ಬ, ಹೊಸ ಮರಳು ತರುವ ಆಳು. ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಅಕ್ಕ ಬೆನ್ನ ಹಿಂದಿನಿಂದ "ಬಂದ್ರಾ?" ಎಂದರೆ ತಿರುಗಿ ಕೂಡ ನೋಡುತ್ತಿರಲಿಲ್ಲ. ಅವನ ಕೋಟಿನ ಎಡಜೇಬು ಯಾವಾಗಲೂ ಉಬ್ಬಿರುತ್ತಿತ್ತು, ಅವನ ಕೈ ಆಗಾಗ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿತ್ತು. ಇಪ್ಪತ್ತೊಂದು ವರ್ಷದ ಅನುಭವಕ್ಕೆ ಅಷ್ಟು ಸಾಕು. ಅಕ್ಕ ಒಂದು ಸಣ್ಣ ನೋಟ್‌ಬುಕ್ ಕೊಂಡು, ಯಾರು ಎಷ್ಟು ಗಂಟೆಗೆ ಬಂದರು, ಏನು ತಂದರು, ಎಷ್ಟು ಗಂಟೆಗೆ ಹೋದರು ಎಂದು ಬರೆಯತೊಡಗಿದಳು.

ಎರಡನೇ ವಾರ ಹೊಸ ಚೀಟಿ ಬಂತು: ಹದಿಮೂರರಿಂದ ಇಪ್ಪತ್ತನಾಲ್ಕರವರೆಗಿನ ಪೆಟ್ಟಿಗೆಗಳಿಗೆ ಇವತ್ತಿನಿಂದ ಅರ್ಧ ಚಮಚ ಮಾತ್ರ.

ಅರ್ಧ ಯಾಕೆ ಎಂದು ಚೀಟಿ ಹೇಳಲಿಲ್ಲ. ಉಳಿದರ್ಧ ಎಲ್ಲಿ ಹೋಗುತ್ತದೆ ಎಂದೂ ಹೇಳಲಿಲ್ಲ. ಅಕ್ಕ ಮೌನಿಯ ಜೇಬು ನೋಡಿದಳು.

ಒಂಬತ್ತು ದಿನ ಕಳೆಯಿತು. ಹತ್ತನೇ ದಿನ ಬೆಳಿಗ್ಗೆ ಆರೂಕಾಲಿಗೆ ಹದಿನೇಳನೇ ಪೆಟ್ಟಿಗೆಯ ಕೊಳವೆ ಎತ್ತಿದರೆ ಇಲಿ ಉಂಡೆಯಾಗಿ ಸುರುಟಿಕೊಂಡು ಬಿದ್ದಿತ್ತು. ಅಂಗೈಗೆ ಎತ್ತಿಕೊಂಡಳು. ನದಿಯಿಂದ ಎತ್ತಿದ ಕಲ್ಲಿನಷ್ಟು ತಣ್ಣಗೆ. ಮೀಸೆ ಅಲುಗಲಿಲ್ಲ, ಕಾಲು ಎಳೆದರೆ ಎಳೆದಲ್ಲೇ ನಿಂತಿತು. ಕಿವಿಗೆ ಹಿಡಿದು ಕೇಳಿದಳು, ಸದ್ದಿಲ್ಲ. ಅತ್ತೆಗೂ ಸ್ವಂತ ಅಪ್ಪನಿಗೂ ಕೊನೆಯ ಸ್ನಾನ ಮಾಡಿಸಿದ್ದ ಕೈ ಅದು. ಸತ್ತದ್ದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಇಲಿಯನ್ನು ಮತ್ತೆ ಮರಳಿನ ಮೇಲಿಟ್ಟು, ಪಕ್ಕದ ಕೋಣೆಗೆ ಹೋಗಿ ರಿಜಿಸ್ಟರಿನಲ್ಲಿ "೧೭ ಸತ್ತಿದೆ" ಎಂದು ಬರೆದಳು. ಅದನ್ನು ಸುತ್ತಲು ಕಾಗದ ಬೇಕಿತ್ತು. ಕ್ಯಾಂಟೀನಿಗೆ ಹೋದವಳನ್ನು ನಾದಿನಿ ಮಾತಿಗೆಳೆದು, ತಿಂಡಿಯ ಕೆಲಸಕ್ಕೂ ಹಚ್ಚಿಕೊಂಡಳು. ಹಿಂತಿರುಗುವಾಗ ಒಂಬತ್ತಾಗುತ್ತ ಬಂದಿತ್ತು. ಬಾಗಿಲಲ್ಲಿ ಮೌನಿ ಎದುರಾದ, ತಲೆ ತಗ್ಗಿಸಿಕೊಂಡು ಹೋದ.

ಹದಿನೇಳನೇ ಪೆಟ್ಟಿಗೆಯಲ್ಲಿ ಇಲಿ ಹಿಂಗಾಲಿನ ಮೇಲೆ ಕೂತು ಮುಖ ತೊಳೆದುಕೊಳ್ಳುತ್ತಿತ್ತು.

ಅಕ್ಕ ಕಾಗದ ಹಿಡಿದುಕೊಂಡೇ ನಿಂತಳು. ಹೆದರಿಕೆ ಬರಲಿಲ್ಲ, ಕೋಪ ಬಂತು. ಎಷ್ಟು ಸಲೀಸಾಗಿ ಕಣ್ಣಿಗೆ ಮಣ್ಣೆರಚಿದ! ಸತ್ತದ್ದನ್ನು ಜೇಬಿಗಿಳಿಸಿ, ಎಲ್ಲಿಂದಲೋ ಬೇರೊಂದನ್ನು ತಂದು ಬಿಟ್ಟಿದ್ದಾನೆ. ಹಸಿವಿನಿಂದ ಸತ್ತಿತೆಂದು ಗೊತ್ತಾದರೆ ಬೀಜದ ವಿಷಯ ಎದ್ದೀತೆಂಬ ಭಯ ಅವನಿಗೆ. ರಿಜಿಸ್ಟರಿನಲ್ಲಿ ಬರೆದದ್ದನ್ನು ಅವಳು ಹೊಡೆದುಹಾಕಿದಳು, ಆದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಸಂಜೆ ಗಂಡನ ಅಂಗಡಿಯಿಂದ, ಫ್ಯಾನಿನ ತಂತಿಗೆ ಗುರುತು ಹಾಕುವ ಕೆಂಪು ಬಣ್ಣವನ್ನು ಒಂದು ಪುಟ್ಟ ಬಾಟಲಿಯಲ್ಲಿ ತುಂಬಿಕೊಂಡಳು.

"ಯಾರಿಗೆ ಹಚ್ತೀಯೆ ಬೊಟ್ಟು?" ಎಂದ ಗಂಡ.

"ಇಲಿಗೆ."

ಅವನು ಮುಂದೆ ಕೇಳಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿತ್ತು.

ಮರುದಿನ ಹದಿನೇಳರ ಬಲಗಿವಿಯ ಹಿಂದೆ ಸಾಸಿವೆಯಷ್ಟು ಕೆಂಪು ಚುಕ್ಕೆ ಬಿತ್ತು. ಚುಕ್ಕೆ ಇಡುವಾಗ ಅವಳ ಬೆರಳಿಗೆ ಇನ್ನೊಂದು ಸಿಕ್ಕಿತು: ಕತ್ತಿನ ಚರ್ಮದಡಿ ಅಕ್ಕಿಕಾಳಿನಂಥ ಗಟ್ಟಿ ಗಂಟು. ಹದಿನೆಂಟನ್ನು ಹಿಡಿದು ತಡವಿದಳು. ಅದಕ್ಕೂ ಇತ್ತು. ಇಪ್ಪತ್ತನಾಲ್ಕಕ್ಕೂ ಇತ್ತು. ಒಳಗೆ ಏನನ್ನೋ ಇಟ್ಟು ಹೊಲಿದಿದ್ದಾರೆ. ಇದು ಬೀಜದ ಡಬ್ಬ ಹೊರುವವನ ಕೈಯಿಂದ ಆಗುವ ಕೆಲಸವಲ್ಲ.

ಎರಡು ದಿನ ಬಿಟ್ಟು ಹದಿನೇಳು ಮತ್ತೆ ತಣ್ಣಗೆ ಬಿದ್ದಿತ್ತು. ಈ ಸಲ ಅಕ್ಕ ಕಾಗದಕ್ಕೆ ಹೋಗಲಿಲ್ಲ. ಕೋಣೆಯಿಂದ ಹೊರಬಂದು, ಬಾಗಿಲಿನ ಗಾಜಿನ ಕಿಂಡಿಯ ಹೊರಗೆ ಬಕೆಟ್ಟು ಬೋರಲು ಹಾಕಿ ಕೂತಳು. ಮೌನಿ ಬರಲಿಲ್ಲ. ಯಾರೂ ಬರಲಿಲ್ಲ. ಎಂಟೂವರೆಗೆ ಕಿಟಕಿಯ ಬಿಸಿಲು ಕಪಾಟಿಗೆ ಇಳಿಯಿತು, ಹದಿನೇಳನೇ ಪೆಟ್ಟಿಗೆಯ ಮರಳಿನ ಮೇಲೆ ಒಂದು ಹಳದಿ ಪಟ್ಟಿ ಬಿತ್ತು. ಸ್ವಲ್ಪ ಹೊತ್ತಿಗೆ ಕೊಳವೆಯ ಬಾಯಲ್ಲಿ ಮೂಗು ಕಂಡಿತು. ಇಲಿ ಕುಡಿದವನಂತೆ ತೂರಾಡುತ್ತ, ಒಂದೊಂದೇ ಕಾಲೆಳೆದು, ಬಿಸಿಲಿನ ಪಟ್ಟಿಗೆ ಬಂದು ಚಪ್ಪಟೆಯಾಗಿ ಹರಡಿದ ಹಾಗೆ ಬಿದ್ದುಕೊಂಡಿತು. ಇಪ್ಪತ್ತು ನಿಮಿಷಕ್ಕೆ ಅದರ ಮೈ ನಡುಗಿತು, ಕಣ್ಣು ಪೂರ್ತಿ ತೆರೆಯಿತು. ಕಿವಿಯ ಹಿಂದೆ ಕೆಂಪು ಚುಕ್ಕೆ ಇದ್ದೇ ಇತ್ತು.

ಈಗ ಹೆದರಿಕೆ ಬಂತು. ಬದಲಾಯಿಸಿಲ್ಲ, ಅದೇ ಇಲಿ. ಸತ್ತದ್ದು ಎದ್ದಿದೆ. ಹಾಗಾದರೆ ಸಾಯಿಸುತ್ತಿರುವುದು ಯಾರು? ಬೀಜಕ್ಕೆ ಏನೋ ಬೆರೆಸುತ್ತಿದ್ದಾರೆ. ಇಲ್ಲವೇ ಕತ್ತಿನ ಗಂಟಿನಿಂದ ಏನೋ ಸೋರುತ್ತಿದೆ. ಮೌನಿ ಬರೀ ಕೈಯಾಳು, ತಲೆ ಮೇಡಂದು.

ಒಂಬತ್ತಕ್ಕೆ ಮೇಡಂ ಬಂದಳು. ಅಕ್ಕ ಅವಳ ಕಾಲು ನೋಡಿದಳು. ಮೇಡಂ ಕಪಾಟಿನೆದುರು ನಿಂತಾಗಲೆಲ್ಲ ಬಲಪಾದವನ್ನು ಎಡಪಾದದ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದಳು. "ಎಲ್ಲಾ ಸರಿ ಇದೆಯಾ?" ಎಂದು ಕೇಳಿದಳು, ಅಕ್ಕನ ಮುಖ ನೋಡದೆ.

"ಸರಿ ಇದೆ ಮೇಡಂ," ಎಂದಳು ಅಕ್ಕ.

ಮರುದಿನದಿಂದ ಅವಳ ಬ್ಯಾಗಿನಲ್ಲಿ ಬಿಸಿನೀರಿನ ರಬ್ಬರ್ ಚೀಲ ಬರತೊಡಗಿತು. ಈಗ ನಾಲ್ಕು ಇಲಿಗಳು, ಹದಿನೇಳರಿಂದ ಇಪ್ಪತ್ತರವರೆಗೆ, ಬೆಳಿಗ್ಗೆ ಬೆಳಿಗ್ಗೆ ತಣ್ಣಗಿರುತ್ತಿದ್ದವು. ಉಳಿದ ಎಂಟಕ್ಕೆ ಹಾಗಾಗುತ್ತಿತ್ತೋ ಇಲ್ಲವೋ, ಅವು ಕೊಳವೆಯ ಆಳಕ್ಕೆ ತೂರಿಕೊಂಡಿರುತ್ತಿದ್ದವು, ಆ ಹೊತ್ತಿಗೆ ಕೈಗೆ ಸಿಗುತ್ತಿರಲಿಲ್ಲ. ಆರಕ್ಕೆ ಬಂದವಳೇ ಕ್ಯಾಂಟೀನಿನ ಹಂಡೆಯಿಂದ ನೀರು ತುಂಬಿ, ಚೀಲಕ್ಕೆ ಟವೆಲ್ ಸುತ್ತಿ, ಅದರ ಮೇಲೆ ನಾಲ್ಕನ್ನೂ ಸಾಲಾಗಿ ಮಲಗಿಸಿ ಕೈಯಿಂದ ಮುಚ್ಚಿ ಕೂರುತ್ತಿದ್ದಳು. ಆರೂಮುಕ್ಕಾಲಿಗೆಲ್ಲ ಬೆರಳಿನಡಿ ಡವಡವ ಎಂದು ಎದೆ ಬಡಿತ ಶುರುವಾಗುತ್ತಿತ್ತು. ಯಾರದೋ ಕೈಯಿಂದ ಏನನ್ನೋ ಕಸಿದು ಮೇಜಿನ ಮೇಲಿಡುವುದೇ ಅವಳ ಬದುಕಾಗಿತ್ತು. ಹೀಗೆ ಯಾರನ್ನಾದರೂ ಉಳಿಸಿದ್ದು ನೆನಪಿರಲಿಲ್ಲ.

ಆದರೆ ತಕ್ಕಡಿ ಬೇರೆಯೇ ಹೇಳುತ್ತಿತ್ತು. ಉಳಿದ ಎಂಟು ಅರೆಹೊಟ್ಟೆಯವು ಹದಿನೇಳು ಗ್ರಾಂ, ಹದಿನಾರೂವರೆ ಗ್ರಾಂಗೆ ನಿಂತಿದ್ದವು. ಅಕ್ಕ ಕಾಪಾಡುತ್ತಿದ್ದ ನಾಲ್ಕು ಮಾತ್ರ ದಿನದಿನಕ್ಕೆ ಇಳಿಯುತ್ತ ಹದಿನಾಲ್ಕಕ್ಕೆ ಬಂದವು. ಬಾಲ ದಾರದಂತಾಯಿತು. ಅಕ್ಕ ತನ್ನದೇ ಅಕ್ಷರದಲ್ಲಿ ಬರೆದ ಅಂಕಿಗಳನ್ನು ನೋಡಿ ಹಲ್ಲು ಕಚ್ಚಿದಳು. ತಾನು ಎಬ್ಬಿಸುತ್ತಿರುವುದು ಮೇಡಂಗೆ ಗೊತ್ತಾಗಿದೆ, ಅದಕ್ಕೇ ತನ್ನ ನಾಲ್ಕರ ಮೇಲೆ ಹಗೆ ತೀರಿಸಿಕೊಳ್ಳುತ್ತಿದ್ದಾಳೆ! ಮೂರನೇ ವಾರ ಅವಳು ಒಂದು ಸ್ಟೀಲ್ ಡಬ್ಬಿಯಲ್ಲಿ ಮನೆಯಿಂದ ಸೂರ್ಯಕಾಂತಿ ಬೀಜ ತಂದು, ಸಿಪ್ಪೆ ಬಿಡಿಸಿ, ನಾಲ್ಕಕ್ಕೂ ಎರಡೆರಡು ಹಾಕಿದಳು. ಮೂರು ದಿನ ಹಾಕಿದಳು.

ನಾಲ್ಕನೇ ದಿನ ಮಧ್ಯಾಹ್ನ ಪಾಳಿ ಮುಗಿಸಿ ಹೊರಟಾಗ ಗೇಟಿನ ಕೋಣೆಯ ಮುಂದೆ ಸಾಲು ನಿಂತಿತ್ತು. ಪ್ರಾಣಿಗಳ ಕೋಣೆಯಲ್ಲಿ ಯಾರೋ ಕೈಯಾಡಿಸುತ್ತಿದ್ದಾರಂತೆ, ಎಲ್ಲರ ಬ್ಯಾಗೂ ನೋಡಬೇಕಂತೆ. ಆಫೀಸಿನ ಮ್ಯಾನೇಜರು ಮೇಜಿನ ಹಿಂದೆ ಕೂತಿದ್ದ. ಮೇಡಂ ಗೋಡೆಗೊರಗಿ ನಿಂತಿದ್ದಳು, ಬಲಪಾದ ಎಡಪಾದದ ಹಿಂದೆ.

"ಕೈ ಎತ್ತಿ ಅಮ್ಮ," ಎಂದಳು ಕಾವಲಿನ ಹುಡುಗಿ.

ಅಕ್ಕ ಎರಡೂ ಕೈ ಎತ್ತಿದಳು. ಕಂಕುಳಿಗೆ ಗಾಳಿ ತಾಗಿತು. ಹುಡುಗಿಯ ಬೆರಳು ಪಳಗಿರಲಿಲ್ಲ. ಸೊಂಟದ ಮಡಿಕೆ ಬಿಟ್ಟಳು, ಬೆನ್ನಿನ ಕೆಳಗೆ ಬಿಟ್ಟಳು. ಇವಳ ಕೈ ತಪ್ಪಿಸಿ ಒಂದು ಥಾನು ಬಟ್ಟೆಯನ್ನೇ ಸಾಗಿಸಬಹುದು ಎಂದು ಅಕ್ಕನ ಮನಸ್ಸು ಲೆಕ್ಕ ಹಾಕುತ್ತಿತ್ತು, ಆದರೆ ಕಿವಿ ಬಿಸಿಯಾಗುತ್ತಿತ್ತು. ಇಷ್ಟು ಜನರೆದುರು ಕೈ ಎತ್ತಿ ನಿಲ್ಲುವುದು ಹೀಗಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಲು ಅವಳು ಬಿಟ್ಟೂ ಇರಲಿಲ್ಲ.

ಬ್ಯಾಗಿನಿಂದ ರಬ್ಬರ್ ಚೀಲ ಹೊರಬಂತು. "ಬೆನ್ನುನೋವಾ ಅಮ್ಮ?" ಹುಡುಗಿಯೇ ಉತ್ತರವನ್ನೂ ಕೊಟ್ಟಳು. ಅಕ್ಕ ತಲೆಯಾಡಿಸಿದಳು. ಸ್ಟೀಲ್ ಡಬ್ಬಿ ಖಾಲಿ ಇತ್ತು. ಅವಳನ್ನು ಬಿಟ್ಟರು.

ಮುಂದಿನವನು ಮೌನಿ. ಅವನು ಎಡಜೇಬಿನ ಮೇಲಿನ ಕೈ ತೆಗೆಯಲೇ ಇಲ್ಲ. ಮ್ಯಾನೇಜರು ಎದ್ದು ಬಂದು ತೆಗೆಸಬೇಕಾಯಿತು. ಅಕ್ಕ ಕುತ್ತಿಗೆ ಚಾಚಿದಳು. ಹೊರಬಂದದ್ದು ಕರವಸ್ತ್ರದಲ್ಲಿ ಸುತ್ತಿದ ಒಂದು ಡಬ್ಬಿ. ಡಬ್ಬಿಯಲ್ಲಿ ತಂತಿ ಕಿತ್ತ, ಹಳೆಯ ಕಾಲದ ಕಿವಿಯ ಯಂತ್ರ.

"ಇದೇನು? ನಿಂಗೆ ಕಿವಿ ಕೇಳಿಸಲ್ವಾ?"

ಮೌನಿ ಮ್ಯಾನೇಜರರ ತುಟಿ ನೋಡುತ್ತಿದ್ದ. "ಅರ್ಧ ಕೇಳ್ಸುತ್ತೆ ಸಾರ್. ಎದುರಿಗೆ ನಿಂತು ಹೇಳಿದ್ರೆ ಪೂರ್ತಿ ತಿಳಿಯುತ್ತೆ."

"ನಾಲ್ಕು ವರ್ಷದಿಂದ ಮುಚ್ಚಿಟ್ಟಿದ್ದೀಯಾ?" ಮ್ಯಾನೇಜರು ಮೇಡಂ ಕಡೆ ತಿರುಗಿದ. "ಸಿಕ್ತಲ್ಲ ಮೇಡಂ ನಿಮ್ಮ ಗೋಜಲಿನ ಮೂಲ. ನೀವು ಒಂದು ಹೇಳಿದ್ರೆ ಇವನು ಇನ್ನೊಂದು ಕೇಳಿಸ್ಕೊಂಡು ಮಾಡಿದ್ದಾನೆ. ಲೋ, ನೀನು ನಾಳೆಯಿಂದ ಆ ಕೋಣೆಗೆ ಕಾಲಿಡಬೇಡ. ಇರೋದೋ ಕಳಿಸೋದೋ ಆಮೇಲೆ ನೋಡೋಣ."

ಮೌನಿ ಯಂತ್ರವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದ. ಮೂರು ಸಲ ಮಡಿಕೆ ತಪ್ಪಿತು.

ಅಕ್ಕ ಮನೆಗೆ ಹೋಗಲಿಲ್ಲ, ಗಂಡನ ಅಂಗಡಿಗೆ ಹೋದಳು. ಅವನು ಒಂದು ಮೇಜುಫ್ಯಾನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಅವಳು ಹೇಳುತ್ತ ಹೋದಳು, ಅವನು ತಿರುಪು ಬಿಚ್ಚುತ್ತ ಹೋದ.

"ಅಂದ್ರೆ ಅವನ ಜೇಬಲ್ಲಿ ಬೀಜ ಇರ್ಲಿಲ್ಲ," ಎಂದ ಕೊನೆಗೆ.

"ಇರ್ಲಿಲ್ಲ ಕಣ್ರೀ."

"ನಿನ್ನ ಬ್ಯಾಗಲ್ಲಿತ್ತು."

ಗಂಡ ಒಂದು ತಿರುಪನ್ನು ಬಾಯಲ್ಲಿ ಕಚ್ಚಿ, ಆಮೇಲೆ ತೆಗೆದು, "ನಾಲ್ಕು ಗಂಟೆ ಬಸ್ಸು ಇನ್ನೂ ಹೋಗಿಲ್ಲ," ಎಂದ, ಅವಳ ಮುಖ ನೋಡದೆ.

ಮೇಡಂ ತನ್ನ ಕೋಣೆಯಲ್ಲಿ ಕಂಪ್ಯೂಟರಿನೆದುರು ಇದ್ದಳು. ಅಕ್ಕ ಬಾಗಿಲಲ್ಲೇ ನಿಂತು ರಬ್ಬರ್ ಚೀಲವನ್ನೂ ಸ್ಟೀಲ್ ಡಬ್ಬಿಯನ್ನೂ ನೆಲದ ಮೇಲಿಟ್ಟಳು.

"ಅವನಲ್ಲ ಮೇಡಂ, ನಾನು. ದಿನಾ ಆರೂಕಾಲಿಗೆ ಬಿಸಿ ಕೊಟ್ಟು ಎಬ್ಬಿಸ್ತಿದ್ದೆ. ಮೂರು ದಿನದಿಂದ ಬೀಜಾನೂ ಹಾಕಿದ್ದೀನಿ. ನೀವು ಅವನ್ನ ಸಾಯಿಸ್ತಿದ್ದೀರಿ ಅಂತ ನಂಗೆ ಅನುಮಾನ. ಈಗ್ಲೂ ಇದೆ. ಕೆಲಸದಿಂದ ತೆಗೆಯೋ ಮುಂಚೆ ಅದೊಂದು ಹೇಳಿಬಿಡಿ."

ಮೇಡಂ ಎದ್ದಳು, ಕೂತಳು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ಮೂರು ವಾರ! ನನ್ನ ಮೂರು ವಾರದ ಕೆಲಸ ನೀರಿಗೆ ಹಾಕಿದ್ರಲ್ಲ ನೀವು!" ದನಿ ಏರಿತು. ಆಮೇಲೆ ಅವಳೇ ಕುರ್ಚಿ ಎಳೆದು ಪರದೆ ತೋರಿಸಿದಳು. "ಇಲ್ಲಿ ನೋಡಿ. ಪ್ರತಿ ಇಲಿಯ ಚರ್ಮದಡಿ ಮೈ ಬಿಸಿ ಅಳೆಯೋ ಒಂದು ಯಂತ್ರ ಇದೆ. ಅಕ್ಕಿಕಾಳಿನಷ್ಟು."

"ಅದು ಕೈಗೆ ಸಿಕ್ಕಿತ್ತು."

ಮೇಡಂ ಅವಳನ್ನು ಒಮ್ಮೆ ವಿಚಿತ್ರವಾಗಿ ನೋಡಿದಳು. "ಇದು ಹದಿನಾಲ್ಕನೇ ಪೆಟ್ಟಿಗೆ. ಗೆರೆ ಇಳೀತಾ ಇಳೀತಾ ಹೋಗಿ, ಎಂಟೂವರೆ ಹೊತ್ತಿಗೆ ಮೆಲ್ಲಗೆ ಮೇಲೇಳುತ್ತೆ. ಇದು ನಿಮ್ಮ ಹದಿನೇಳು. ದಿನಾ ಆರೂವರೆಗೆ ಗೋಡೆ ಹತ್ತಿದ ಹಾಗೆ ಎದ್ದುಬಿಡುತ್ತೆ. ಅವು ಸಾಯ್ತಿಲ್ಲಮ್ಮಾ, ಉಳಿಸ್ಕೊಳ್ತಿವೆ. ಸಣ್ಣ ಮೈಯಿಂದ ಬಿಸಿ ಬೇಗ ಸೋರಿ ಹೋಗುತ್ತೆ. ಆ ಬಿಸಿ ಹಿಡಿದಿಟ್ಕೊಳ್ಳೋದೇ ಅವಕ್ಕೆ ಎಲ್ಲಕ್ಕಿಂತ ದೊಡ್ಡ ಖರ್ಚು. ಮರಳಲ್ಲಿ ಬೀಜ ಸಿಗದ ಕಾಲ ಬಂದ್ರೆ ಒಲೆ ಆರಿಸಿಬಿಡ್ತವೆ. ಮೈ ಕೋಣೆಯಷ್ಟೇ ತಣ್ಣಗಾಗುತ್ತೆ, ಉಸಿರು ಎಲ್ಲೋ ಒಂದು. ಬೆಳಿಗ್ಗೆ ಬಿಸಿಲಿಗೆ ತೆವಳಿಕೊಂಡು ಬಂದು ಮೈ ಕಾಯಿಸ್ಕೊಳ್ತವೆ, ತಮ್ಮ ಕೊಬ್ಬು ಸುಟ್ಟು ಮಾಡ್ಬೇಕಾದ ಕೆಲಸಾನ ಸೂರ್ಯನ ಕೈಲಿ ಮಾಡಿಸ್ತವೆ. ನೀರಿನ ಕಥೆನೂ ಅಷ್ಟೇ, ಬೀಜದೊಳಗಿಂದಲೇ ಹೊಂದಿಸ್ಕೊಳ್ತವೆ."

"ಹಾಗಾದ್ರೆ ನಾನು ಬಿಸಿ ಕೊಟ್ರೆ ತಪ್ಪೇನು? ಸೂರ್ಯ ಕೊಡೋದೂ ಬಿಸಿನೇ ಅಲ್ವಾ?"

"ಬಿಸಿಲು ಬರೋಕೆ ಎರಡು ಗಂಟೆ ಮುಂಚೆ ಎಬ್ಬಿಸಿ, ಮತ್ತೆ ಆ ತಣ್ಣನೆ ಪೆಟ್ಟಿಗೇಲೇ ಬಿಟ್ರಲ್ಲ. ಎದ್ದ ಮೇಲೆ ಬಿಸಿಯಾಗೇ ಇರ್ಬೇಕು. ಆ ಎರಡು ಗಂಟೆ ಬಾಲದ ಕೊಬ್ಬನ್ನ ಸುಟ್ಕೊಂಡಿವೆ. ದಿನಾ."

ಅಕ್ಕನಿಗೆ ತನ್ನ ಅಕ್ಷರದ ಅಂಕಿಗಳು ಕಣ್ಣ ಮುಂದೆ ಬಂದವು. ಹದಿನಾರು, ಹದಿನೈದು, ಹದಿನಾಲ್ಕು.

"ಇದನ್ನ ಮೊದಲೇ ಒಂದು ಮಾತು ಹೇಳ್ಬಹುದಿತ್ತಲ್ಲ ಮೇಡಂ."

"ನೀವು ಕೇಳ್ಬಹುದಿತ್ತಲ್ಲ." ಮೇಡಂ ತಡೆದು, ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದಳು: "ನಾನು ಬಂದ ತಕ್ಷಣ ನೋಟ್‌ಬುಕ್ ತೆಗೆದು ಗಂಟೆ ಬರೀತಿದ್ರಿ. ಮ್ಯಾನೇಜರು ನನ್ನ ಮೇಲೆ ಕಣ್ಣಿಡೋಕೆ ನಿಮ್ಮನ್ನ ಹಾಕಿದ್ದಾರೆ ಅಂದ್ಕೊಂಡಿದ್ದೆ. ಅದಕ್ಕೇ ಚೀಟಿ ಅಂಟಿಸಿ ಓಡಿಹೋಗ್ತಿದ್ದೆ."

ಇಬ್ಬರೂ ನಗಲಿಲ್ಲ. ನಗುವ ಹೊತ್ತಾಗಿರಲಿಲ್ಲ.

"ನಾಳೆ ಬನ್ನಿ," ಎಂದಳು ಮೇಡಂ. "ನಾನೂ ಆರಕ್ಕೆ ಬರ್ತೀನಿ. ಮುಟ್ಟಬಾರದು. ಬರೀ ನೋಡ್ಬೇಕು."

ಮರುದಿನ ಮೋಡ ಕವಿದಿತ್ತು. ಹದಿನೇಳು ಕೊಳವೆಯ ಬಾಯಲ್ಲೇ ಉಂಡೆಯಾಗಿತ್ತು, ಬಾಲ ಒಣಗಿದ ಬೇರಿನಂತೆ. ಇಬ್ಬರೂ ಎರಡು ಸ್ಟೂಲಿನ ಮೇಲೆ ಕೂತರು. ಏಳಾಯಿತು, ಎಂಟಾಯಿತು. ಎಂಟೂವರೆಗೆ ಬಿಸಿಲು ಬರಲಿಲ್ಲ. ಅಕ್ಕನಿಗೆ ಮತ್ತೆ ಅನುಮಾನದ ಹುಳ ಕೊರೆಯತೊಡಗಿತು: ಪರದೆಯ ಮೇಲಿನ ಗೆರೆಯನ್ನು ಯಾರು ಬೇಕಾದರೂ ಎಳೆಯಬಹುದು. ನಿನ್ನೆ ಹೇಳಿದ್ದು ಚೆಂದದ ಕಥೆಯಷ್ಟೇ ಆಗಿದ್ದರೆ? ಅವಳು ಓರೆಗಣ್ಣಿನಿಂದ ಮೇಡಂ ಪಾದ ನೋಡಿದಳು. ಸಿಕ್ಕಿಸಿಕೊಂಡ ಪಾದ ಬಿಳಿಚಿತ್ತು. ಇದು ಸುಳ್ಳಿನ ಪಾದವಲ್ಲ, ಹೆದರಿಕೆಯದು ಎಂದು ಅಕ್ಕನಿಗೆ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅನಿಸಿತು.

"ಮೇಡಂ, ಇವತ್ತು ಏಳುತ್ತಾ ಇದು?"

"ಗೊತ್ತಿಲ್ಲ," ಎಂದಳು ಮೇಡಂ. "ತುಂಬಾ ಇಳಿದಿದೆ. ಬಿಸಿಲಿಲ್ಲ ಅಂದ್ರೆ ತಾನೇ ಕಾಯಿಸ್ಕೊಂಡು ಏಳ್ಬೇಕು. ಅದಕ್ಕೆ ಕೊಬ್ಬು ಉಳಿದಿದೆಯೋ ಇಲ್ವೋ."

"ಹಾಗಾದ್ರೆ ಕೈಯಲ್ಲಿ..."

"ಒಂಬತ್ತರವರೆಗೆ ನೋಡೋಣ."

ಅಕ್ಕ ಗಾಜಿಗೆ ಮೂಗು ತಾಗಿಸಿ ಕೂತಳು. ಇಲಿಯ ಪಕ್ಕೆ ಒಮ್ಮೆ ಏರಿ ಇಳಿಯಿತು. ಮುಂದಿನದಕ್ಕೆ ಕಾಯುತ್ತ ಎಣಿಸಿದಳು. ನಲವತ್ತಮೂರಕ್ಕೆ ಮತ್ತೊಂದು ಉಸಿರು. ಆಮೇಲೆ ಮೂವತ್ತೊಂಬತ್ತಕ್ಕೆ. ಆಮೇಲೆ ಐವತ್ತಾಯಿತು, ಬರಲಿಲ್ಲ, ಅರವತ್ತಾಯಿತು. ಅವಳ ಎರಡೂ ಕೈ ತೊಡೆಯಡಿ ಇದ್ದವು, ತಾನೇ ಅವುಗಳ ಮೇಲೆ ಕೂತಿದ್ದಳು. ಅರವತ್ತೆಂಟಕ್ಕೆ ಉಸಿರು ಬಂತು. ಮೇಡಂ ಅವಳು ಎಣಿಸುವುದನ್ನು ಕೇಳಿಸಿಕೊಂಡು ಪೆನ್ನು ತೆಗೆದಳು.

ಎಂಟೂ ಐವತ್ತಕ್ಕೆ ಎಣಿಕೆ ಮೂವತ್ತಕ್ಕಿಳಿಯಿತು. ಆಮೇಲೆ ಹದಿನೆಂಟು. ಆಮೇಲೆ ಎಣಿಸಲಾಗದಷ್ಟು ಬೇಗ. ಇಲಿಯ ಭುಜ ಅದುರಿತು, ಅದುರು ಇಡೀ ಮೈಗೆ ಹಬ್ಬಿತು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ಒಂಬತ್ತೂ ಹತ್ತಕ್ಕೆ ಅದು ತಲೆಯೆತ್ತಿ, ಅರ್ಧ ಕಣ್ಣು ತೆರೆದು ಅಕ್ಕನ ಕಡೆ ನೋಡಿತು. ಯಾರೂ ಮುಟ್ಟಿರಲಿಲ್ಲ.

"ಈಗ ಇದಕ್ಕೆ ಪೂರ್ತಿ ಚಮಚ," ಎಂದಳು ಮೇಡಂ. "ನಾಲ್ಕಕ್ಕೂ. ಇವು ಪರೀಕ್ಷೆಯಿಂದ ಹೊರಗೆ."

ಅಕ್ಕನಿಗೆ ಕೇಂದ್ರದಿಂದ ಲಿಖಿತ ಎಚ್ಚರಿಕೆ ಬಂತು, ಕೆಲಸ ಉಳಿಯಿತು. ಉಳಿಸಿದ್ದು ಮೇಡಂ, ತಣ್ಣಗಿರುವ ಇಲಿಯ ಉಸಿರನ್ನು ಬರಿಗಣ್ಣಿನಲ್ಲಿ ಎಣಿಸಬಲ್ಲವರು ಕೇಂದ್ರದಲ್ಲಿ ಬೇರಾರೂ ಇಲ್ಲ ಎಂದು ಮ್ಯಾನೇಜರಿಗೆ ಬರೆದುಕೊಟ್ಟಳಂತೆ. ಪರೀಕ್ಷೆ ಮೊದಲಿನಿಂದ ಶುರುವಾಯಿತು. ಇಪ್ಪತ್ತನೆಯ ಇಲಿ ಚೇತರಿಸಿಕೊಳ್ಳಲಿಲ್ಲ, ಐದನೇ ದಿನ ಹೋಯಿತು. ಅದು ನನ್ನ ಕೈಯಿಂದ ಹೋದದ್ದು ಎಂದು ಅಕ್ಕ ಇಂದಿಗೂ ಹೇಳುತ್ತಾಳೆ. ಮೇಡಂ ಅಲ್ಲವೆಂದು ಹೇಳಿಲ್ಲ.

ಮೌನಿಯನ್ನು ತೆಗೆದುಹಾಕಲಿಲ್ಲ, ಆದರೆ ಉಗ್ರಾಣದೊಳಗೆ ಕೂರಿಸಿದರು. ಅಕ್ಕ ಆ ವಾರವೇ ಅಲ್ಲಿಗೆ ಹೋಗಿ, ಅವನೆದುರು ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು: "ನೀವು ಬೀಜ ಕದೀತೀರಿ ಅಂದ್ಕೊಂಡಿದ್ದೆ. ತಪ್ಪಾಯ್ತು."

"ಗೊತ್ತಿತ್ತು," ಎಂದ ಅವನು. "ನೀವು ಜೇಬು ನೋಡ್ತಿದ್ರಿ. ನಂಗೆ ಕಿವಿ ಅಷ್ಟಕ್ಕಷ್ಟೇ, ಕಣ್ಣು ಚೆನ್ನಾಗಿದೆ." ಮೂಟೆ ಎತ್ತಲು ತಿರುಗಿದ.

ಆ ಯಂತ್ರವನ್ನು ಒಮ್ಮೆ ಕೊಡಿ, ಯಜಮಾನರು ತಂತಿ ಬೆಸೆಯುತ್ತಾರೆ ಎಂದು ಕೇಳಲು ಅವಳಿಗೆ ಎರಡು ತಿಂಗಳು ಬೇಕಾಯಿತು. ಕೊಡಲು ಅವನಿಗೆ ಇನ್ನೊಂದು ತಿಂಗಳು. ಕೊಡುವಾಗಲೂ ಅವಳು ಡಬ್ಬಿಯನ್ನು ಬ್ಯಾಗಿಗೆ ಹಾಕುವುದನ್ನು ಕಣ್ಣು ಮಿಟುಕಿಸದೆ ನೋಡಿದ. ಗಂಡ ಬೆಸೆದುಕೊಟ್ಟ. ಯಂತ್ರ ಅಷ್ಟೇನೂ ಚೆನ್ನಾಗಿ ಕೆಲಸ ಮಾಡಲಿಲ್ಲ, ಗಾಳಿ ಬಂದರೆ ಕುಯ್ಯೆನ್ನುತ್ತಿತ್ತು.

ಒಂದು ಬೆಳಿಗ್ಗೆ ಬೀಜ ತರಲು ಹೋದಾಗ ಅವನೇ ಕೇಳಿದ, "ಆ ಇಲಿಗಳು ಅಲ್ಲಿ ಮಾಡೋದಾದ್ರೂ ಏನು?"

ಅಕ್ಕ ಮೂಟೆಯ ಮೇಲೆ ಕೂತು, ಒಲೆ ಆರಿಸುವುದರಿಂದ ಹಿಡಿದು ಬಿಸಿಲಿಗೆ ಬಂದು ಬೀಳುವುದರವರೆಗೆ ಎಲ್ಲವನ್ನೂ ಕೈಸನ್ನೆ ಸಮೇತ ಹೇಳಿದಳು. ಅವನಿಗೆ ಕೇಳಿಸಲೆಂದು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ, ಕ್ಯಾಂಟೀನಿನಿಂದ ನಾದಿನಿ ಸೌಟು ಹಿಡಿದುಕೊಂಡೇ ಓಡಿಬಂದಳು. ಮೌನಿ ಕೊನೆಯವರೆಗೂ ಅವಳ ತುಟಿಯನ್ನೇ ನೋಡಿದ. ಆಮೇಲೆ ತಲೆಯಾಡಿಸಿದ.

"ನಿಜವಾ?"

"ನಾನೂ ನಂಬಿರ್ಲಿಲ್ಲ," ಎಂದಳು ಅಕ್ಕ. "ನಾಳೆ ಎಂಟೂವರೆಗೆ ಬಂದು ಕಣ್ಣಾರೆ ನೋಡಿ. ಮೇಡಂ ಹತ್ರ ನಾನು ಕೇಳ್ತೀನಿ."